ಕೋಳಿಯ ತವರುಮನೆ

ಮಂಗಸೂಳಿಯ ಯಾವ ಮನೆಯ ಅಂಗಳದಲ್ಲಿ ನಿಂತರೂ ಸರಿ, ಆ ಮನೆಯ ಸತ್ತುಹೋದ ಅಜ್ಜ ಮುತ್ತಜ್ಜಂದಿರನ್ನೆಲ್ಲ ಹೆಸರು ಹಿಡಿದು ಕರೆದು ಜಗುಲಿಯ ಮೇಲೆ ಕೂರಿಸಬಲ್ಲವನು ಭರಮು ಹೆಳವರ. ಮನೆತನಗಳ ವಂಶಾವಳಿ ಹೇಳುವುದು ಹೆಳವರ ಕುಲಕಸುಬು, ಅವನದೂ ಅದೇ. ಮೂಲಪುರುಷ ಯಾವ ಊರಿಂದ ಎದ್ದು ಬಂದ, ಬರಕ್ಕೆ ಹೆದರಿ ಬಂದನೋ ಬದುವಿನ ಜಗಳಕ್ಕೆ ಬೇಸತ್ತು ಬಂದನೋ, ಮನೆದೇವರು ಯಾರು, ಯಾರ ಬಳ್ಳಿ ಎಲ್ಲಿ ಕವಲೊಡೆಯಿತು, ಎಲ್ಲವೂ ಅವನ ನಾಲಿಗೆಯ ತುದಿಯಲ್ಲಿ. ನದೀಮೂಲ, ಋಷಿಮೂಲ ಕೇಳಬಾರದು ಎಂದು ದೊಡ್ಡವರು ಹೇಳುತ್ತಾರೆ. ಅವರಿಗೇನು, ಹೇಳಿ ಹೋಗುತ್ತಾರೆ. ಮೂಲ ಕೇಳದಿದ್ದರೆ ಹೆಳವನ ಹೊಟ್ಟೆ ತುಂಬುವುದು ಹೇಗೆ?

ಅವನ ಅಪ್ಪ ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಹೊದ್ದು, ಗಂಟೆ ಬಾರಿಸುತ್ತ ಬರುತ್ತಿದ್ದ. ಭರಮುವೂ ಬಹಳ ವರ್ಷ ಹಾಗೆಯೇ ಬಂದ. ಈಗ ಎತ್ತು ಇಲ್ಲ, ಮಗಳು ದೀಪಾಲಿಯ ಸ್ಕೂಟಿ ಇದೆ. ಎತ್ತಿಗೆ ಇದ್ದ ಮರ್ಯಾದೆ ಸ್ಕೂಟಿಗೂ ಇರಲೆಂದು ಅದರ ಹ್ಯಾಂಡಲಿಗೆ ಹಳೆಯ ಗೆಜ್ಜೆಸರ ಕಟ್ಟಿದ್ದಾನೆ. ದೀಪಾಲಿ ಮುಂದೆ ಕೂತು ಗಾಡಿ ಓಡಿಸುತ್ತಾಳೆ; ಹಿಂದೆ ಭರಮು ಕೆಂಪು ರುಮಾಲು ಸುತ್ತಿ, ಮೊಣಕಾಲ ಮೇಲೆ ಕಂಬಳಿ ಹಾಸಿಕೊಂಡು, ತೊಡೆಯ ಮೇಲೆ ಗಂಟೆ ಇಟ್ಟುಕೊಂಡು ಮದುಮಗನ ಗತ್ತಿನಲ್ಲಿ ಕೂತಿರುತ್ತಾನೆ. ಮನೆ ಬಂದಾಗ ದೀಪಾಲಿ ಹೊರಗೆ ಕಟ್ಟೆಯ ಹತ್ತಿರ ಗಾಡಿ ನಿಲ್ಲಿಸಿ ಅಲ್ಲೇ ಕೂರುತ್ತಾಳೆ, ಅಪ್ಪ ಒಳಗೆ ಹೋಗುತ್ತಾನೆ. ಒಳಗೆ ಗಂಡಸರು ಕೈಕಟ್ಟಿ ಕೂತು ತಮ್ಮ ಅಜ್ಜಂದಿರ ಹೆಸರು ಕೇಳುತ್ತಾರೆ. ಹೆಂಗಸರಿಗೆ ಅಲ್ಲೇನು ಕೆಲಸ? ಅವರು ಚಹಾ ಹಿಡಿದುಕೊಂಡು ಹೊರಗೆ ದೀಪಾಲಿಯ ಹತ್ತಿರ ಬಂದು ಹರಟೆ ಹೊಡೆಯುತ್ತ ನಿಲ್ಲುತ್ತಾರೆ.

ಅಪ್ಪ ಕಲಿಸಿದ ಕಟ್ಟುಗಳನ್ನು ಭರಮು ಎಂದೂ ಮುರಿದವನಲ್ಲ. ಸಾಕ್ಷಿ ಇಲ್ಲದ ಹೆಸರನ್ನು ಬಳ್ಳಿಗೆ ಸೇರಿಸಬಾರದು, ಸಾಕ್ಷಿ ಇದ್ದದ್ದನ್ನು ಮುಚ್ಚಿಡಬಾರದು. ಎತ್ತಿದ ಬಳ್ಳಿಯನ್ನು ನಡುವೆ ಬಿಡಬಾರದು, ಬಿಟ್ಟರೆ ಹೆಳವನ ಮಾತಿಗೆ ಬೆಲೆಯಿಲ್ಲ. ಗಂಡುಮಕ್ಕಳಿಲ್ಲದ ಮನೆ ಬಂದರೆ ಹೆಸರು ಹೇಳದೆ ಒಂದು ಸಲ ಗಂಟೆ ಬಾರಿಸಿ ಮುಂದೆ ನಡೆಯಬೇಕು. ದೀಪ ಆರಿದ ಮನೆ ಅದು. ಹೆಣ್ಣುಮಕ್ಕಳ ಮಾತಂತೂ ಇಲ್ಲವೇ ಇಲ್ಲ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು.

ಭರಮುವಿಗೆ ದೀಪಾಲಿ ಒಬ್ಬಳೇ ಮಗಳು. ಅಂದರೆ ಅವನ ಅಪ್ಪನ ಲೆಕ್ಕದಲ್ಲಿ ಭರಮುವಿನ ಮನೆಯೂ ಒಂದು ಗಂಟೆಯ ಸದ್ದು, ಅಷ್ಟೇ. ತನ್ನ ಕಾಲ ಮುಗಿದ ಮೇಲೆ ಗಂಟೆ ಟ್ರಂಕಿನೊಳಗೆ ಹೋಗುತ್ತದೆ ಎಂದು ಅವನು ಯಾರ ಮುಂದೆಯೂ ಹೇಳಿರಲಿಲ್ಲ. ಆದರೂ ಒಂದೊಂದು ದಿನ ಸ್ಕೂಟಿಯ ಹಿಂದೆ ಕೂತು, ಮಗಳ ಜಡೆ ಗಾಳಿಗೆ ಹಾರಿ ಮುಖಕ್ಕೆ ಬಡಿಯುವಾಗ, ಅವನ ಕಣ್ಣು ತುಂಬಿ ಬರುತ್ತಿತ್ತು. ಧೂಳು ಬಿತ್ತು ಎನ್ನುತ್ತಿದ್ದ.

ಹೀಗಿದ್ದವನ ಪಾಲಿಗೆ ಬಂದದ್ದು ಡಾರ್ವಿನ್ ಜಯಂತಿ.

ಅದನ್ನು ಊರಿಗೆ ತಂದವಳು ಹೈಸ್ಕೂಲಿನ ವಿಜ್ಞಾನದ ಟೀಚರು ಕೋಮಲ, ನಿಪ್ಪಾಣಿಯವಳು. ಹೋದ ವರ್ಷ ಫೆಬ್ರವರಿಯಲ್ಲಿ ಮೊದಲ ಸಲ ಮಾಡಿದಾಗ ಅವಳು ಅಂದುಕೊಂಡದ್ದು ಒಂದು, ಆದದ್ದು ಇನ್ನೊಂದು. ಜಯಂತಿ ಎಂದ ಮೇಲೆ ಫೋಟೋ ಬೇಕು, ಹಾರ ಬೇಕು, ತೆಂಗಿನಕಾಯಿ ಬೇಕು, ಪೇಢೆ ಬೇಕು; ಇದನ್ನು ಯಾರೂ ಯಾರಿಗೂ ಹೇಳಿಕೊಡಬೇಕಿಲ್ಲ. ಪೆಂಡಾಲು ಹಾಕಲು ಬಂದ ಜಾಫರಸಾಬ ಬಿಳಿ ಗಡ್ಡದ ಫೋಟೋ ನೋಡಿ, "ಅಕ್ಕಾರ, ಯಾವ ದರ್ಗಾದ ಬಾಬಾರಿ ಇವರು?" ಎಂದು ಕೇಳಿ ಚಪ್ಪಲಿ ಬಿಟ್ಟು ಕೈಮುಗಿದಿದ್ದ. ಮಲ್ಲಯ್ಯ ದೇವರ ಊರಿನಲ್ಲಿ ಅರಿಸಿನದ ಭಂಡಾರ ಬೀಳದೆ ಮಂಗಲಕಾರ್ಯ ಮುಗಿಯುವುದುಂಟೇ? ಮಧ್ಯಾಹ್ನದ ಹೊತ್ತಿಗೆ ಮಹಾನುಭಾವನ ಗಡ್ಡ ಅರಿಸಿನದಿಂದ ಹಳದಿಯಾಗಿತ್ತು. ಭಾಷಣಕ್ಕೆ ಬಂದ ಪ್ರೊಫೆಸರರು ಮಾತ್ರ ಜೀವವಿಕಾಸವನ್ನು ಎಷ್ಟು ನಿಧಾನವಾಗಿ ಹೇಳಿದರೆಂದರೆ, ಅವರ ಕತೆಯಲ್ಲಿ ಮೀನು ನೀರಿನಿಂದ ಮೇಲೆ ಬರುವುದರೊಳಗೆ ಮಕ್ಕಳೆಲ್ಲ ನಿದ್ದೆ ಹೋಗಿದ್ದರು.

ಈ ವರ್ಷ ಹಾಗಾಗಬಾರದು ಎಂದು ಕೋಮಲ ಹಠ ಹಿಡಿದಳು. ಅವಳು ಬಾಡಿಗೆಗೆ ಇದ್ದದ್ದು ದ್ರಾಕ್ಷಿತೋಟದ ಸಾಹುಕಾರ ವಿರುಪಾಕ್ಷಪ್ಪನ ಮನೆಯ ಹಿಂದಿನ ಖೋಲಿಯಲ್ಲಿ. ಭರಮು ಆ ಮನೆತನದ ಬಳ್ಳಿ ಹೇಳುವುದನ್ನು ಕಿಟಕಿಯಲ್ಲಿ ನಿಂತು ಕೇಳಿದ್ದಳು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅವನನ್ನು ಹಿಡಿದು ನಿಲ್ಲಿಸಿದಳು.

"ಭರಮಣ್ಣ, ಜಯಂತಿ ದಿನಾ ನೀವು ಒಂದು ಬಳ್ಳಿ ಹೇಳಬೇಕ್ರಿ."

"ಯಾರದ್ರಿ ಅಕ್ಕಾರ?"

"ಎಲ್ಲಾರದು. ಮೀನ, ಕಪ್ಪಿ, ಕೋಳಿ, ಕುರಿ, ಮಂಗ್ಯಾ, ಮನಷ್ಯಾ. ಎಲ್ಲಾರದೂ ಒಂದ ಬಳ್ಳಿ ಐತಿ."

ಭರಮುವಿಗೆ ನಗು ತಡೆಯಲಾಗದೆ ಚಹಾ ಮೂಗಿಗೆ ಹತ್ತಿತು. "ಸಾಕ್ಷಿ?" ಎಂದ. ಚೇಷ್ಟೆಗೆ ಕೇಳಿದ್ದಲ್ಲ. ನಾನೂ ನಿಮ್ಮ ಬಳ್ಳಿಯವನು ಎಂದು ಯಾರೋ ದೂರದಿಂದ ಬಂದರೆ ಭರಮು ಮೊದಲು ನೋಡುವುದು ಮೈಮೇಲಿನ ಗುರುತು. ಅಥಣಿ ಕಡೆಯ ಒಂದು ಮನೆತನದಲ್ಲಿ ಎಲ್ಲರ ಕಿವಿಯ ತುದಿ ಮಡಿಚಿರುತ್ತದೆ. ಬಾಯಿ ಸುಳ್ಳು ಹೇಳಬಹುದು, ಕಿವಿ ಹೇಳುವುದಿಲ್ಲ.

ಕೋಮಲ ಅವನನ್ನು ಶಾಲೆಯ ಪ್ರಯೋಗಾಲಯಕ್ಕೆ ಕರೆದೊಯ್ದಳು. ಮೇಜಿನ ಮೇಲೆ ಕುರಿಯ ಮುಂಗಾಲಿನ ತೊಳೆದ ಎಲುಬುಗಳನ್ನು ಜೋಡಿಸಿದಳು, ಪಕ್ಕದಲ್ಲಿ ಬಾವಲಿಯ ರೆಕ್ಕೆಯ ಚಿತ್ರ, ಅದರ ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಮನುಷ್ಯನ ಕೈ. "ಮ್ಯಾಲ ಒಂದ ಎಲುವು. ಅದರ ಕೆಳಗ ಎರಡು. ಆಮ್ಯಾಲ ಸಣ್ಣ ಸಣ್ಣವು. ಆಮ್ಯಾಲ ಬೆರಳು. ಎಲ್ಲಾರದೂ ನೋಡ್ರಿ," ಎಂದಳು.

ಭರಮು ನೋಡಿದ. ತನ್ನ ಅಂಗಿಯ ತೋಳು ಮೇಲೆತ್ತಿ ಮುಂಗೈ ಒತ್ತಿ ನೋಡಿಕೊಂಡ. ಕುರಿಯದನ್ನು ಮತ್ತೆ ಮುಟ್ಟಿದ. ಅರವತ್ತು ದಾಟಿದ ಆ ಮುಖದಲ್ಲಿ, ಕಳೆದುಹೋದ ಮನೆತನವೊಂದು ಸಿಕ್ಕಾಗ ಬರುವ ಬೆಳಕು ಬಂತು. "ಗುರ್ತು ಕೂಡೈತಿ," ಎಂದ. "ಹೇಳ್ರಿ ಅಕ್ಕಾರ, ಮೂಲ ಊರು ಯಾವುದು?"

"ಸಮುದ್ರ."

"ಅಲ್ಲಿಂದ ಯಾಕ ಎದ್ರು? ಜಗಳೇನು?"

"ಕೆರಿಕುಂಟಿ ಬತ್ತತಿದ್ದು ಅಂತಾರ ಕೆಲವರು. ನೀರಾಗ ತಿನ್ನೋರ ಕಾಟ ಇತ್ತು ಅಂತಾರ ಕೆಲವರು. ಇನ್ನೂ ವಾದ ಮುಗಿದಿಲ್ಲ."

"ಎರಡ ಮಾತಿದ್ರ ಎರಡೂ ಹೇಳಬೇಕ್ರಿ," ಎಂದ ಭರಮು. "ನಮ್ಮ ಎಲ್ಲಾ ಮನಿತನದ್ದೂ ಇದ ಕತಿ. ಒಂದ ನೀರಿಲ್ಲ, ಇಲ್ಲಾ ಭಾವಕಿ ಕಾಟ, ದಾಯಾದ್ಯಾರ ಜಗಳ."

ಅಂದಿನಿಂದ ಅವನಿಗೆ ಅದೇ ಧ್ಯಾನ. ಕೋಮಲ ಹೇಳಿದ್ದನ್ನು ರಾತ್ರಿ ಹಗಲು ರಾಗಕ್ಕೆ ಕೂಡಿಸುತ್ತಿದ್ದ. ಸ್ಕೂಟಿಯ ಮೇಲೆ ಹಿಂದಿನಿಂದ ಗುನುಗುವ ಕಪ್ಪೆ, ಹಲ್ಲಿಗಳ ಹೆಸರು ಕೇಳಿ ದೀಪಾಲಿ ನಕ್ಕು ನಕ್ಕು ಗಾಡಿ ವಾಲಿಸುತ್ತಿದ್ದಳು. ಅವನು ಎಲ್ಲಾದರೂ ತಪ್ಪಿದರೆ ಹಿಂತಿರುಗದೆಯೇ ತಿದ್ದುತ್ತಿದ್ದಳು. ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತಾರಲ್ಲ. ದೀಪಾಲಿಯ ತಾಯಿ ಬದುಕಿದ್ದಾಗ ಅವಳೂ ಹೀಗೆಯೇ, ಒಲೆಯ ಮುಂದಿನಿಂದಲೇ ಗಂಡನ ತಪ್ಪು ಹಿಡಿಯುತ್ತಿದ್ದಳು.

ಸುದ್ದಿ ಊರೆಲ್ಲ ಹರಡುವುದಕ್ಕೆ ಎಷ್ಟು ಹೊತ್ತು? ಒಂದು ದಿನ ವಿರುಪಾಕ್ಷಪ್ಪ ತೋಟಕ್ಕೆ ಕರೆಸಿದ. ದ್ರಾಕ್ಷಿ ಕೊಯ್ಲು ನಡೆದಿತ್ತು. ಜಯಂತಿಗೆ ಬಂದವರಿಗೆಲ್ಲ ಹಂಚಲು ಬುಟ್ಟಿಗಟ್ಟಲೆ ದ್ರಾಕ್ಷಿ ಕೊಡುತ್ತೇನೆ ಎಂದವನೇ ಅವನು. ಧಾರಾಳದ ಮನುಷ್ಯ, ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ.

"ಏನಲೇ ಭರಮಾ, ನಮ್ಮ ಬಳ್ಳಿಯೊಳಗ ಮಂಗ್ಯಾನ್ನ ತರ್ತೀಯಂತ?"

"ಇಲ್ರಿ ಸಾವ್ಕಾರ್ರ. ಮಂಗ್ಯಾ ನಿಮ್ಮ ಮುತ್ಯಾ ಅಲ್ರಿ. ಭಾವಕಿ. ನಿಮಗೂ ಅವಕ್ಕೂ ಹಿಂದ ಒಬ್ಬಾಂವ ಹಿರ್ಯಾ ಇದ್ದ, ಅಲ್ಲಿಂದ ಮನಿ ಬ್ಯಾರೆ ಆದ್ವು."

ವಿರುಪಾಕ್ಷಪ್ಪ ಗಡ್ಡ ಕೆರೆದುಕೊಂಡ. "ಭಾವಕಿ ಅಂದ್ರ ಅಡ್ಡಿಯಿಲ್ಲ ಬಿಡು. ಖಾಸ ಭಾವಕ್ಯಾರನ್ನ ನಾ ಮದವಿಗೆ ಕರ್ಯಾಂಗಿಲ್ಲ, ಇನ್ನ ಅದನ್ಯಾಕ ಕರೀಲಿ." ಸುತ್ತ ಇದ್ದ ಆಳುಗಳು ನಕ್ಕರು. ಅವನೂ ನಕ್ಕ. ಆಮೇಲೆ ನಗು ನಿಲ್ಲಿಸಿ ಬೆರಳೆತ್ತಿದ. "ಬಳ್ಳಿ ಕಡೀಕ ನಮ್ಮ ಮನಿತನಕ್ಕ ಬಂದು ಮುಗೀಬೇಕು. ಊರ ಮುಂದ ನಮ್ಮಪ್ಪ, ನಮ್ಮಜ್ಜಂದು ಹೆಸರು ಬರ್ಲಿ. ಆದ್ರ ಒಂದ ಮಾತು. ನಮ್ಮಪ್ಪ ಕೇಳಿರಲಾರದ್ದ ಹೊಸಾ ಕುಡಿ ಒಂದ ಬಂದ್ರೂ, ಮುಂದ ನೀ ನಮ್ಮ ಅಂಗಳಾ ಮರತಬಿಡು."

ಆ ಅಂಗಳ ಮುಚ್ಚಿದರೆ ಊರಿನ ಉಳಿದ ಅಂಗಳಗಳೂ ಮುಚ್ಚುತ್ತವೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಸಾಹುಕಾರನ ಮನೆಯಲ್ಲಿ ಸುಳ್ಳಾದ ಹೆಳವನನ್ನು ಬೇರೆ ಯಾರು ಕೂರಿಸುತ್ತಾರೆ? ಭರಮು ತಲೆಯಾಡಿಸಿ ಬಂದ. ಹೊಸ ಕುಡಿ ಏಕೆ ಬರುತ್ತದೆ, ಬರುವುದಿಲ್ಲ ಎಂದೇ ಅವನು ನಂಬಿದ್ದ.

ಜಯಂತಿಯ ಹಿಂದಿನ ದಿನ ಶಾಲೆಯ ಮೈದಾನದಲ್ಲಿ ಒಂದು ಸಲ ಪೂರ್ತಿ ಹೇಳಿ ನೋಡೋಣ ಎಂದಳು ಕೋಮಲ. ದೀಪಾಲಿ ಪಕ್ಕದಲ್ಲೇ ಸ್ಕೂಟಿಯ ಮೇಲೆ ಕೂತು ಕೇಳುತ್ತಿದ್ದಳು. ಜಾಫರಸಾಬ ಏಣಿಯ ಮೇಲೆ ನಿಂತು ಒಂದು ದೊಡ್ಡ ಡೈನೋಸಾರಿಗೆ ಕೊನೆಯ ಗಂಟು ಹಾಕುತ್ತಿದ್ದ. ಬಿದಿರಿನ ಎಲುಬು, ದ್ರಾಕ್ಷಿ ಒಣಗಿಸುವ ಶೆಡ್ಡಿನ ಹಸಿರು ನೆಟ್ಟಿನ ಚರ್ಮ. ಅದರ ಬಾಯಿ ತೆರೆದು ಮುಚ್ಚುವಂತೆ ಒಳಗೆ ಹಗ್ಗ ಕಟ್ಟಿದ್ದ. ಜನ್ಮದಲ್ಲಿ ಅಷ್ಟು ಪ್ರೀತಿಯಿಂದ ಅವನು ಯಾವ ಮದುವೆಯ ಮಂಟಪವನ್ನೂ ಕಟ್ಟಿರಲಿಲ್ಲ.

ಭರಮು ಬಳ್ಳಿ ಎತ್ತಿದ. ಸಮುದ್ರದಿಂದ ಮೀನು, ಮೀನಿನಿಂದ ನಾಲ್ಕು ಕಾಲು, ದಂಡೆಗೆ ಬಂದವರು, ತತ್ತಿಯೊಳಗೇ ನೀರು ಕಟ್ಟಿಕೊಂಡು ಊರು ಬಿಟ್ಟವರು. ಅಲ್ಲಿಂದ ಎರಡು ಮನೆಯಾದದ್ದು. ಒಂದು ಮನೆ ಹೇಳುತ್ತ ಹೇಳುತ್ತ ಬಂದವನು ತಟ್ಟನೆ ನಿಂತು, ಒಂದು ಸಲ ಗಂಟೆ ಬಾರಿಸಿ, ಇನ್ನೊಂದು ಮನೆಗೆ ದಾಟಿಬಿಟ್ಟ.

ಏಣಿಯ ಮೇಲಿನಿಂದ ಜಾಫರಸಾಬ ಕೂಗಿಕೊಂಡ. "ಅರೇ ಭರಮಣ್ಣ! ನನ್ನ ಡೈನೋಸಾರ ಎಲ್ಲಿ ಹೋತೋ?"

"ದೀಪಾ ಆರಿದ ಮನಿ ಸಾಬ್ರ. ಹೆಸರ ಹೇಳಬಾರದು," ಎಂದ ಭರಮು.

"ನಾ ಹದಿನೈದು ದಿನಾ ಹಿಡದ ಕಟ್ಟೇನಲ್ಲೋ ಮಾರಾಯಾ! ಹುಡಗೂರು ಇದನ್ನ ನೋಡಾಕ ಬರಾಕತ್ತಾವ!"

ಕೋಮಲ ನಕ್ಕಳು. "ದೀಪಾ ಆರಿಲ್ಲ ಭರಮಣ್ಣ. ಆ ಮನ್ಯಾಗಿನ ಒಂದು ಸಣ್ಣ ಕವಲು ಉಳೀತು. ಪುಕ್ಕ ಇದ್ದದ್ದು. ಇವತ್ತಿನ ಗುಬ್ಬಿ, ಕಾಗಿ, ಕೋಳಿ ಎಲ್ಲಾ ಅದರ ಮಕ್ಕಳು."

ಭರಮು ಗಂಟೆ ಕೆಳಗಿಟ್ಟು ಕೇಳಿದ: "ಕೋಳಿ ಗಂಡಿನ ಬಳ್ಳಿಯಿಂದ ಬಂದದ್ದೋ, ಹೆಣ್ಣಿನ ಬಳ್ಳಿಯಿಂದ ಬಂದದ್ದೋ?"

ಇಂಥ ಪ್ರಶ್ನೆಯನ್ನು ಅವಳಿಗೆ ಯಾವ ಪರೀಕ್ಷೆಯಲ್ಲೂ ಯಾರೂ ಕೇಳಿರಲಿಲ್ಲ. "ಎರಡರಿಂದನೂ. ಪ್ರತಿ ತಲಿಮಾರಿಗೂ ತಾಯಿ ಬೇಕು, ತಂದಿ ಬೇಕು. ಹೆಣ್ಮಕ್ಕಳನ್ನ ಬಿಟ್ಟು ಹೇಳ್ಕೋತ ಹೋದ್ರ ಯಾರ ಮನೀದೂ ಪೂರ್ತಿ ಬಳ್ಳಿ ಆಗೂದಿಲ್ಲ." ಆಮೇಲೆ, "ಖರೇ ಹೇಳಬೇಕಂದ್ರ, ಹೆಣ್ಣಿನ ಬಳ್ಳಿಗೇ ಬ್ಯಾರೆ ಸಾಕ್ಷಿ ಐತಿ. ನಮ್ಮ ಮೈಯಾಗಿನ ಪ್ರತಿ ಜೀವಕೋಶದೊಳಗ ಸಣ್ಣ ಸಣ್ಣ ಒಲಿ ಅದಾವ, ಅವಕ್ಕ ಮೈಟೊಕಾಂಡ್ರಿಯಾ ಅಂತಾರ. ಅದರಿಂದನ ನಮಗ ಶಕ್ತಿ. ಆ ಒಲಿಗೆ ಕೆಂಡಾ ಕೊಡಾಕಿ ತಾಯಿ. ಮಗಾ ಇಸಗೋತಾನ, ಆದ್ರ ತನ್ನ ಮಕ್ಕಳಿಗೆ ಕೊಡಾಕ ಬರೂದಿಲ್ಲ. ಮಗಳು ಇಸಗೊಂಡು ಮುಂದ ಕೊಡ್ತಾಳ."

ಮೊದಲೆಲ್ಲ ಒಲೆ ಆರಿದರೆ ಪಕ್ಕದ ಮನೆಗೆ ಹೋಗಿ ಬೆರಣಿಯ ತುಂಡಿನ ಮೇಲೆ ಕೆಂಡ ಇಸಿದುಕೊಂಡು ಬರುತ್ತಿದ್ದರು. ಭರಮುವಿನ ಅವ್ವ ಸೆರಗು ಅಡ್ಡ ಹಿಡಿದು ಗಾಳಿಗೆ ಕೆಂಡ ಕಾಪಾಡಿಕೊಂಡು ಬರುತ್ತಿದ್ದದ್ದು ಅವನ ಕಣ್ಣಿಗೆ ಕಟ್ಟಿತು. "ಹಂಗಾದ್ರ ನಮ್ಮವ್ವ ಕೊಟ್ಟ ಕೆಂಡಾ ನನ್ನ ಕೈಯಾಗ ಮುಗೀತೇನ್ರಿ?" ಎಂದ.

"ನಿಮ್ಮ ಕೈಯಾಗ ಮುಗೀತು. ನಿಮಗ ತಂಗಿ ಇದ್ರ ಆಕಿ ಮಕ್ಕಳ ಹಂತ್ಯಾಕ ಐತಿ. ದೀಪಾಲಿ ಕೆಂಡಾ ಆಕಿ ಅವ್ವಂದು."

ಮನೆಗೆ ಹೋದರೂ ಅವನಿಗೆ ಊಟ ಸೇರಲಿಲ್ಲ. ಸಾಕ್ಷಿ ಇದ್ದದ್ದನ್ನು ಮುಚ್ಚಿಟ್ಟರೆ ಅಪ್ಪ ಹೇಳಿದ ಒಂದು ಕಟ್ಟು ಮುರಿಯುತ್ತದೆ, ಹೇಳಿದರೆ ಇನ್ನೊಂದು. ಕೋಳಿಗೆ ತವರು ಉಂಟು ಎಂದು ಊರ ಮುಂದೆ ಹೇಳಿದರೆ ಹೆಂಗಸರು ಸುಮ್ಮನಿರುತ್ತಾರೆಯೇ? ಕೋಳಿಯದು ಹೇಳಿದೆ, ನಮ್ಮದು ಯಾವಾಗ ಎನ್ನುವುದಿಲ್ಲವೇ? ಹೆಣ್ಣುಮಕ್ಕಳ ಹೆಸರು ಇವತ್ತು ಬಳ್ಳಿಯಲ್ಲಿ ಬಂದರೆ ನಾಳೆ ಹೊಲದ ಪಹಣಿ ಉತಾರದಲ್ಲೂ ಬರುತ್ತದೆ ಎಂದು ಹೆದರುವ ಗಂಡಸರು ಬೇಕಾದಷ್ಟಿದ್ದಾರೆ. ಬಾಗಿಲು ಮುಚ್ಚುವವರು ಅವರೇ.

"ಏನ ಮಾಡ್ಲಿ ಬೇ?" ಎಂದು ಮಗಳನ್ನು ಕೇಳಿದ.

ದೀಪಾಲಿ ರೊಟ್ಟಿಯ ಬುಟ್ಟಿ ಅವನ ಮುಂದೆ ತಳ್ಳಿದಳು. "ಸಾಕ್ಷಿ ಇದ್ರ ಹೇಳಬೇಕು ಅಂತ ನೀನ ಹೇಳ್ತಿ ಅಪ್ಪಾ. ನನ್ನ ಯಾಕ ಕೇಳ್ತಿ? ನಾ ಕಟ್ಟಿಮ್ಯಾಲ ಕೂಡಾಕಿ." ಅವಳು ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಭರಮುವಿಗೆ ಇಷ್ಟು ನೋಯುತ್ತಿರಲಿಲ್ಲ.

ಜಯಂತಿಯ ದಿನ ಬೆಳಗಾಯಿತು ನೋಡಿ, ಮಂಗಸೂಳಿಗೆ ಮಂಗಸೂಳಿಯೇ ರಸ್ತೆಯಲ್ಲಿ! ಹಲಗೆ, ಲೇಜಿಮ್ಮಿನ ಗದ್ದಲ. ಮೊದಲು ನೀಲಿ ಸೀರೆಗಳನ್ನು ಹಿಡಿದು ಅಲುಗಾಡಿಸುತ್ತ ಸಮುದ್ರ ಬಂತು. ಅದರೊಳಗೆ ರಟ್ಟಿನ ಮೀನುಗಳು. ಹಿಂದೆ ಕಪ್ಪೆಗಳು, ಕುಪ್ಪಳಿಸಿ ಕುಪ್ಪಳಿಸಿ ಅರ್ಧ ದಾರಿಗೇ ಸುಸ್ತಾಗಿ ನೀರು ಕೇಳಿದವು. ಮಂಗನ ವೇಷಕ್ಕೆ ಮಾತ್ರ ಎಷ್ಟು ಜನ ಮುಗಿಬಿದ್ದಿದ್ದರೆಂದರೆ, ಉಳಿದವರು ಅತ್ತು ಕರೆದು ಮನುಷ್ಯರಾಗಲು ಒಪ್ಪಿಕೊಂಡಿದ್ದರು. ಜಾಫರಸಾಬನ ಡೈನೋಸಾರು ಟ್ರ್ಯಾಕ್ಟರಿನ ಮೇಲೆ ಬಾಯಿ ಬಡಿಯುತ್ತ ಬಂದು ಪೆಂಡಾಲಿನ ಬಾಗಿಲಲ್ಲಿ ಸಿಕ್ಕಿಬಿದ್ದಿತು. ಪೆಂಡಾಲು ಕಟ್ಟಿದವನೂ ಅವನೇ, ಡೈನೋಸಾರು ಕಟ್ಟಿದವನೂ ಅವನೇ. ಅಳತೆ ನೋಡುವುದನ್ನು ಮಾತ್ರ ಮರೆತಿದ್ದ. ಕೊನೆಗೆ ಕುತ್ತಿಗೆ ಮಾತ್ರ ಒಳಗೆ ತೂರಿಸಿ, ದೇಹವನ್ನು ಹೊರಗೇ ಬಿಟ್ಟರು. ವೇದಿಕೆಯ ಮೇಲೆ ಈ ಸಲವೂ ಫೋಟೋದ ಗಡ್ಡ ಹಳದಿಯಾಗಿತ್ತು.

ಮುಂದಿನ ಸಾಲಿನಲ್ಲಿ ವಿರುಪಾಕ್ಷಪ್ಪ ಹೊಸ ಪಟಕ ಸುತ್ತಿ ಕೂತಿದ್ದ. ಹೆಂಗಸರ ಸಾಲಿನಲ್ಲಿ ಅವನ ತಾಯಿ ರುಕ್ಮವ್ವ, ಎಂಬತ್ತರ ಮುದುಕಿ, ಕೋಲು ಊರಿಕೊಂಡು ಬಂದು ಕುರ್ಚಿಯಲ್ಲಿ ಕಾಲು ಮಡಿಚಿ ಕೂತಿದ್ದಳು. ದೀಪಾಲಿ ಎಂದಿನಂತೆ ಹೊರಗೆ, ಸ್ಕೂಟಿಯ ಪಕ್ಕ.

ಭರಮು ಗಂಟೆ ಬಾರಿಸಿ ಬಳ್ಳಿ ಎತ್ತಿದ. ಅಬ್ಬಾ, ಏನು ದನಿ ಅದು! ಮೀನು ದಂಡೆಗೆ ಬರುವಾಗ ಮಕ್ಕಳು ಉಸಿರು ಹಿಡಿದರು. ಯಾರೂ ನಿದ್ದೆ ಹೋಗಲಿಲ್ಲ. ಎರಡು ಮನೆ ಬೇರೆಯಾದವು. ಒಂದು ಮನೆ ಬೆಳೆಯಿತು, ಎದ್ದು ನಿಂತಿತು, ನೆಲ ನಡುಗಿಸಿತು. ಅಲ್ಲಿಗೆ ಬಂದು ಅವನ ಮಾತು ನಿಂತುಬಿಟ್ಟಿತು.

"ಡೈನೋಸಾರ! ಡೈನೋಸಾರ!" ಎಂದು ಮಕ್ಕಳು ಕೂಗಿದರು. ಬಿದಿರಿನ ಬಾಯಿ ತೆರೆದು ಮುಚ್ಚಿತು.

ಭರಮು ಹೇಳಲೆಂದೇ ನಿಂತಿದ್ದ. ರಾತ್ರಿಯೇ ಮನಸ್ಸು ಗಟ್ಟಿ ಮಾಡಿದ್ದ. ಆದರೆ ಬಾಯಿ ತೆರೆದರೆ ಮಾತೇ ಬರಲಿಲ್ಲ. ಇವನ ಮಗ ಇವನು, ಇವನ ಮಗ ಇವನು ಎಂದು ಹೇಳಿ ಹೇಳಿ ಪಳಗಿದ ನಾಲಿಗೆ ಅದು. ಇವಳ ಮಗಳು ಇವಳು ಎನ್ನುವುದಕ್ಕೆ ಅವನ ಹತ್ತಿರ ರಾಗವೇ ಇರಲಿಲ್ಲ. ಎತ್ತಿದ ಬಳ್ಳಿ ನಡುವೆ ನಿಂತಿತ್ತು. ಜನ ಗುಸುಗುಸು ಶುರುಮಾಡಿದರು. ಆಗ ಅವನು ಪೆಂಡಾಲಿನ ಆಚೆ ನೋಡಿದ.

"ದೀಪಾಲಿ, ಬಾ ಬೇ ಇಲ್ಲೆ," ಎಂದು ಕೂಗಿದ. "ಇದು ನನಗ ಬರೂದಿಲ್ಲ. ನೀ ಹೇಳು."

ಡೈನೋಸಾರಿನ ಕುತ್ತಿಗೆಯ ಕೆಳಗೆ ಬಗ್ಗಿ ಅವಳು ಒಳಗೆ ಬಂದಳು. ಎಲ್ಲರ ಕಣ್ಣೆದುರು ಭರಮು ಗಂಟೆಯನ್ನು ಮಗಳ ಕೈಗೆ ಕೊಟ್ಟ. ಅಪ್ಪನಿಂದ ಇಸಿದುಕೊಂಡ ದಿನದಿಂದ ಅದನ್ನು ಇನ್ನೊಬ್ಬರು ಮುಟ್ಟಿರಲಿಲ್ಲ. ದೀಪಾಲಿ ಒಂದು ಗಳಿಗೆ ಅದರ ಭಾರ ನೋಡಿದಳು, ಬಾರಿಸಿದಳು.

"ಕೋಳಿ ತವರಮನಿ ಹೇಳ್ತೇನಿ, ಕೇಳ್ರಿ! ಅಂಗಳದಾಗ ಕಾಳ ಹೆಕ್ಕಾಕಿ ಬಡವಿ ಅಲ್ರಿ, ದೊಡ್ಡ ಮನಿ ಮಗಳು. ಆಕಿ ತವರಿನವರು ನಡದ್ರ ನೆಲಾ ಅದರತಿತ್ತು. ಮುಗಲಿಂದ ಬೆಂಕಿಗಲ್ಲು ಬಿತ್ತು, ಹೊಗಿ ಮುಚ್ಚಿ ಹೊತ್ತ ಕಾಣದಂಗಾತು. ದೊಡ್ಡ ದೊಡ್ಡವರು ಮಲಗಿದ್ರು. ದೀಪಾ ಆರಿತು ಅಂದ್ರು. ಆರಿಲ್ರಿ! ಪುಕ್ಕದಾಕಿ ಒಬ್ಬಾಕಿ, ಸಣ್ಣಾಕಿ, ಅವ್ವ ಕೊಟ್ಟ ಕೆಂಡಾ ಮರೆ ಮಾಡಿಕೊಂಡು ಹಾರಿದ್ಲು. ಆಕಿ ಮಗಳಿಗೆ ಕೊಟ್ಲು, ಮಗಳು ಮೊಮ್ಮಗಳಿಗೆ ಕೊಟ್ಲು. ಸುಳ್ಳಂದ್ರ ಕೋಳಿ ಕಾಲ ನೋಡ್ರಿ, ಹಲ್ಲಿ ಚರ್ಮದಂಗ ತವರಿನ ಗುರ್ತು ಇನ್ನೂ ಐತಿ!"

ಹೆಂಗಸರ ಸಾಲಿನಿಂದ ಒಂದು ಕೇಕೆ ಎದ್ದಿತು. ಜಾಫರಸಾಬ ಹಗ್ಗ ಎಳೆದು ಎಳೆದು ಡೈನೋಸಾರಿನ ಬಾಯಿ ಕಿತ್ತುಹೋಗುವಂತೆ ಆಡಿಸಿದ. ದೀಪಾಲಿ ನಿಲ್ಲಲಿಲ್ಲ. ಇನ್ನೊಂದು ಮನೆಗೆ ದಾಟಿದಳು. ಹಾಲೂಡಿಸುವವರು, ಮರ ಹತ್ತಿದವರು, ಮರ ಇಳಿದವರು, ಎಲ್ಲರ ಕೈಯಿಂದ ಕೈಗೆ ಕೆಂಡ ದಾಟಿಸುತ್ತ ಬಂದಳು.

"ಆ ಕೆಂಡಾ ಕೊಗನೊಳ್ಳಿ ಸಾಂವಕ್ಕನ ಒಲಿಗೆ ಬಂತು. ಸಾಂವಕ್ಕನ ಮಗಳು ತುಳಸವ್ವ, ಏಕಸಂಬಿಗೆ ಕೊಟ್ರು. ತುಳಸವ್ವನ ಮಗಳು ರುಕ್ಮವ್ವ, ಮಂಗಸೂಳಿಗೆ ಕೊಟ್ರು. ರುಕ್ಮವ್ವನ ಕೆಂಡಾ ಆಕಿ ಹೆಣ್ಮಕ್ಕಳ ಮನ್ಯಾಗ ಇವತ್ತಿಗೂ ಉರ್ಯಾಕತ್ತೈತಿ. ನಮ್ಮ ಸಾವ್ಕಾರ್ರ ಮೈಯಾಗೂ ಐತಿ. ಆದ್ರ ಪಾಪ, ಅವರಿಗೆ ಮುಂದ ಕೊಡಾಕ ಬರೂದಿಲ್ಲ!"

ನಗೆ ಪೆಂಡಾಲು ಹಾರಿಸುವಂತಿತ್ತು. ಭರಮು ಮಾತ್ರ ಬೆರಗಾಗಿ ನಿಂತಿದ್ದ. ಈ ಹೆಸರುಗಳು ಇವಳಿಗೆಲ್ಲಿಂದ ಬಂದವು? ಆಮೇಲೆ ಹೊಳೆಯಿತು. ಅವನು ಒಳಗೆ ಗಂಡಸರಿಗೆ ಅಜ್ಜಂದಿರನ್ನು ಎಣಿಸುತ್ತಿದ್ದಷ್ಟು ಹೊತ್ತೂ ಹೊರಗೆ ಹೆಂಗಸರು ಚಹಾ ಹಿಡಿದು ನಿಂತು ತಮ್ಮ ತವರಿನ ಮಾತು ಆಡುತ್ತಿದ್ದರು. ದೀಪಾಲಿ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದಳು. ಅವಳು ಹೆಳವರ ಮಗಳು; ಕೇಳಿದ ಹೆಸರು ಅವಳ ಕಿವಿಯಿಂದ ಬಿದ್ದುಹೋಗುತ್ತದೆಯೇ?

ರುಕ್ಮವ್ವ ಕೋಲು ಊರಿ ಎದ್ದಳು. ಸದ್ದು ಅಡಗಿತು. "ಇನ್ನೊಮ್ಮಿ ಹೇಳ ಬೇ," ಎಂದಳು.

"ಸಾಂವಕ್ಕನ ಮಗಳು ತುಳಸವ್ವ. ತುಳಸವ್ವನ ಮಗಳು ರುಕ್ಮವ್ವ."

ಮುದುಕಿ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅತ್ತಳೋ ನಕ್ಕಳೋ ಯಾರಿಗೂ ತಿಳಿಯಲಿಲ್ಲ, ಎರಡೂ ಇದ್ದೀತು. ಈ ಊರಿಗೆ ಸೊಸೆಯಾಗಿ ಬಂದ ಮೇಲೆ ಅವಳ ತಾಯಿಯ ಹೆಸರನ್ನು ಯಾರೂ ನಾಲ್ಕು ಜನರ ಮುಂದೆ ಹೇಳಿರಲಿಲ್ಲ. ಮುಖ ಒರೆಸಿಕೊಂಡು ಮಗನ ಕಡೆ ತಿರುಗಿದಳು.

"ವಿರುಪಾಕ್ಷಾ, ಬಳ್ಳಿ ಹೇಳಿದವರಿಗೆ ಬರಿಗೈಲೆ ಕಳಸೂ ರೂಢಿ ನಮ್ಮ ಮನ್ಯಾಗಿಲ್ಲ. ಏನ ಕೊಡ್ತಿ?"

ಊರೆಲ್ಲ ಸಾಹುಕಾರನ ಮುಖ ನೋಡಿತು. ಹೊಸ ಕುಡಿ ಒಂದಲ್ಲ, ಮೂರು ಬಂದಿದ್ದವು. ವಿರುಪಾಕ್ಷಪ್ಪ ಎದ್ದು ನಿಂತ. ಪಟಕ ತೆಗೆದ, ಮತ್ತೆ ಇಟ್ಟುಕೊಂಡ.

"ಏಕಸಂಬಿಗೆ ಹೋದಾಗೆಲ್ಲಾ ನಮ್ಮವ್ವನ ಅವ್ವ ನನಗ ತೊಡಿಮ್ಯಾಲ ಕುಂಡ್ರಿಸಿಕೊಂಡು ಬೆಲ್ಲಾ ಶೇಂಗಾ ತಿನಸ್ತಿದ್ಲು," ಎಂದ. "ಆಯಿ ಅಂತಿದ್ದೆ. ತುಳಸವ್ವ ಅಂತ ಹೆಸರೈತಿ ಅನ್ನೂದು ಇವತ್ತ ಗೊತ್ತಾತು." ಆಮೇಲೆ ಎಂದಿನ ದೊಡ್ಡ ದನಿಯಲ್ಲಿ, "ಕೊಟ್ಟಿಗ್ಯಾಗಿನ ಕೆಂದ ಹೆಣ್ಣ ಕರಾ ದೀಪಾಲಿಗೆ! ಭರಮಾ, ಇನ್ನ ನಮ್ಮಪ್ಪಂದು ಹೇಳು. ಇಲ್ಲಾಂದ್ರ ಅಂವ ಮ್ಯಾಲ ಕುಂತು ಸಿಟ್ಟ ಮಾಡ್ಯಾನು!"

ಭರಮು ಹೇಳಿದ. ಒಂದು ಹೆಸರೂ ತಪ್ಪಲಿಲ್ಲ. ಆಮೇಲೆ ದ್ರಾಕ್ಷಿ ಹಂಚಿದರು. ಮಂಗಗಳು ಸಾಲಿನಲ್ಲಿ ಎರಡೆರಡು ಸಲ ನಿಂತವು.

ಕೊಯ್ಲು ಮುಗಿದ ಮೇಲೆ ವಿರುಪಾಕ್ಷಪ್ಪನ ಮನೆಗೆ ವರ್ಷದ ಬಳ್ಳಿ ಹೇಳಲು ಹೋದರು. ಗಂಡಿನ ಬಳ್ಳಿ ಹೇಳಿ ಮುಗಿಸಿ ಭರಮು ಹೊರಗೆ ಬಂದು ಕಟ್ಟೆಯ ಮೇಲೆ, ಸ್ಕೂಟಿಯ ಪಕ್ಕ ಕೂತ. ಒಳಗೆ ದೀಪಾಲಿ ಗಂಟೆ ಬಾರಿಸಿದಳು. ಪಡಸಾಲೆಯ ತುಂಬ ಹೆಂಗಸರು. ಕೋಮಲಳೂ ಅಮ್ಮನನ್ನು ನಿಪ್ಪಾಣಿಯಿಂದ ಕರೆಸಿಕೊಂಡಿದ್ದಳು. ಕಟ್ಟೆಯ ಮೇಲೆ ಒಬ್ಬನೇ ಕೂರುವುದು ಹೇಗಿರುತ್ತದೆ ಎಂದು ಭರಮುವಿಗೆ ಅಂದು ತಿಳಿಯಿತು.

ರುಕ್ಮವ್ವ ತಾನೇ ಚಹಾ ತಂದು ಕೊಟ್ಟು ಪಕ್ಕದಲ್ಲಿ ಕೂತಳು. "ಭರಮಾ, ನಿಮ್ಮವ್ವ ಚಂದವ್ವ ನನಗ ಗೊತ್ತು. ಚಂದವ್ವನ ಅವ್ವನ ಹೆಸರೇನೋ?"

ಊರೂರಿನ ಮನೆತನಗಳನ್ನು ಹೊತ್ತು ತಿರುಗಿದವನಿಗೆ ತನ್ನ ಅಜ್ಜಿಯ ಹೆಸರು ಗೊತ್ತಿರಲಿಲ್ಲ. ಫೋನು ತೆಗೆದು ರಾಯಬಾಗದಲ್ಲಿದ್ದ ತಂಗಿ ಶೇವಂತಾಳಿಗೆ ಹಚ್ಚಿದ.

"ಹೌಸವ್ವ," ಎಂದಳು ಅವಳು. "ಇಷ್ಟ ವರ್ಷ ಮಂದಿ ಮುತ್ಯಾಗೋಳ್ನ ಕಾದ್ಯಲ್ಲೋ ಅಣ್ಣಾ, ಈಗ ನೆನಪಾತೇನು? ಅಲ್ಲಾ, ನನ್ನ ಯಾಕ ಕೇಳ್ತಿ? ದೀಪಾಲಿ ಸಣ್ಣಾಕಿ ಇದ್ದಾಗ ನನ್ನ ಕೇಳಿ ತಿಳಕೊಂಡಾಳಲ್ಲ!"

ಭರಮು ಫೋನು ಕೆಳಗಿಟ್ಟ. "ಹೌಸವ್ವ," ಎಂದು ರುಕ್ಮವ್ವನಿಗೆ ಹೇಳಿದ. "ಹೌಸವ್ವನ ಮಗಳು ಚಂದವ್ವ," ಎಂದು ತನಗೇ ಹೇಳಿಕೊಂಡ. ಅಷ್ಟು ಸಣ್ಣ ರಾಗ ಅದು. ಅವನಿಗೂ ಬಂತು.

"ಚಾ ಆರಾಕತ್ತೈತಿ, ಕುಡಿ," ಎಂದಳು ರುಕ್ಮವ್ವ.